ಜೋಡಿನ ತುಂಬ ಬೀಜ

ಲೆಕ್ಕವೆಲ್ಲ ಜೋಡಿನದು.
ಅಪ್ಪನ ಎಡಗಾಲಿನ ಜೋಡು, ಹಿಮ್ಮಡಿ ಹರಿದದ್ದು.
ಮೆಕ್ಕೆಜೋಳದ ಗಂಜಿ ಕುಡಿದು ಬೆಂಕಿಯ ಮುಂದೆ ಕೂತು
ಅರಳೆಯಿಂದ ಬೀಜ ಬಿಡಿಸಿ ಅದರಲ್ಲಿ ಹಾಕಬೇಕು.
ತುಂಬಿದರೆ ನಿದ್ದೆ.

ಜಾರ್ಜಿಯಾದ ಮೇಲುಸೀಮೆಯ ಹತ್ತಿ,
ಹಸಿರು ಬೀಜದ್ದು, ಹಟಮಾರಿ.
ಮೊಲೆ ಬಿಡದ ಕೂಸಿನ ಹಾಗೆ
ನಾರನ್ನು ಕಚ್ಚಿಕೊಂಡಿರುತ್ತಿತ್ತು.
ಅಮ್ಮ ಡಾರ್ಕಸ್ ಒಂದು ಪೌಂಡು ಬಿಡಿಸುವಷ್ಟರಲ್ಲಿ
ಹಗಲೊಂದು ಪೂರಾ ಸವೆಯುತ್ತಿತ್ತು.
ನನ್ನ ಹೆಬ್ಬೆರಳ ಉಗುರು ಏಳಕ್ಕೇ ಸೀಳಿತ್ತು.
ತಮ್ಮ ಮಿಂಗೊ ಮೋಸಗಾರ:
ಜೋಡಿನ ತುದಿಗೆ ಮಣ್ಣುಂಡೆ ತುರುಕಿ
ಮೇಲಷ್ಟೇ ಬೀಜ ಹರವುತ್ತಿದ್ದ.
ಅಮ್ಮ ನೋಡಿಯೂ ನೋಡದ ಹಾಗೆ.

ಆ ಸುಗ್ಗಿಗೆ ಸವಾನಾದಿಂದ ಬಂದ ಧಣಿ
ಕಾಗದವೊಂದನ್ನು ಅಪ್ಪನ ಮುಂದೆ ಬಿಚ್ಚಿದ.
ಅಪ್ಪ ಕ್ವಾಕೊಗೆ ಅಕ್ಷರ ಬಾರದು, ಗೆರೆ ಬರುತ್ತಿತ್ತು.
ಪೀಪಾಯಿ, ಕದ, ತೊಟ್ಟಿಲು, ಶವಪೆಟ್ಟಿಗೆ
ಎಲ್ಲ ಅವನ ಕೈಯವೇ.
ಮೂರು ವಾರ ಕೆತ್ತಿದ.
ಒಂದು ಮರದ ಉರುಳೆ, ಮೈತುಂಬ ತಂತಿಯ ಹಲ್ಲು,
ಎದುರಿಗೆ ಸೀಳುಸೀಳು ತಗಡು,
ಹಿಂದೆ ಹಂದಿಗೂದಲಿನ ಕುಂಚ.
ಹಿಡಿ ತಿರುಗಿಸಿದ.
ಹಲ್ಲು ನಾರನ್ನೆಳೆದು ಸೀಳಿನೊಳಗೆ ನುಗ್ಗಿದವು,
ಬೀಜ ತೂರಲಾರದೆ ಈಚೆಗೇ ಉದುರಿತು
ಟಪಟಪ, ಆಲಿಕಲ್ಲು.
ಆಚೆಗೆ ಬಿಳಿ ಹೊಗೆ.
ಅಪ್ಪ ನಕ್ಕ. ಅವನ ನಗು ನಾನು ಎಣಿಸಿಟ್ಟಿದ್ದೇನೆ,
ಅದು ನಾಲ್ಕನೆಯದು.
"ಡಾರ್ಕಸ್, ಇನ್ನು ನಿಮಗೆ ರಾತ್ರಿ ಸಿಕ್ಕಿತು."

ಸಿಕ್ಕಿತು. ಸುಳ್ಳು ಹೇಳಲಾರೆ.
ಒಂದು ಚಳಿಗಾಲ.
ಅಮ್ಮ ತನ್ನ ಅಮ್ಮನೂರಿನ ನದಿಯ ಹೆಸರು ಕಲಿಸಿದಳು
(ಅದನ್ನು ಇಲ್ಲಿ ಹೇಳೆನು).
ಮಿಂಗೊ ಜೋಡಿನಲ್ಲಿ ಇಲಿಮರಿ ಸಾಕಿದ.
ನಾನು ಮಲಗಿದೆ.
ಬರೀ ಮಲಗಿದೆ.

ಪೀಚ್ ಹೂ ಬಿಡುವ ಹೊತ್ತಿಗೆ ಕೊಡಲಿಗಳು ಬಂದವು.
ಪೈನ್ ಕಾಡು ಹಿಂದೆ ಹಿಂದೆ ಸರಿಯಿತು.
ಗುಡಿಸಲ ಹೊಸ್ತಿಲ ತನಕ ಹತ್ತಿ,
ನಮ್ಮ ಸತ್ತವರ ಮಗ್ಗುಲ ತನಕ ಹತ್ತಿ.
ಐವತ್ತು ಜನರ ರಾತ್ರಿಯನ್ನು ಒಂದೇ ಬೆಳಗಿಗೆ
ಅಗಿದು ಉಗುಳುವ ಬಾಯಿಗೆ ಮೇವು ಬೇಡವೆ?
ಬಂಡಿ ತುಂಬ ಹತ್ತಿ ಸಾಲದು,
ಬಂಡಿ ಹೊಡೆದವನೂ ಬೇಕು.

ಮಿಂಗೊಗೆ ಹದಿನಾಲ್ಕು ತುಂಬಿತ್ತು.
ಧಣಿಯ ಪುಸ್ತಕದಲ್ಲಿ ಅವನ ಹೆಸರಿನೆದುರು
ನೂರೈವತ್ತು ಹೊಡೆದು ನಾಲ್ಕುನೂರು ಬರೆದರು.
"ಬೆಲೆ ಬಂದಿದೆ ನಿನ್ನ ಮಗನಿಗೆ" ಅಂದ ಮೇಲ್ವಿಚಾರಕ,
ಹೊಗಳಿದ ಹಾಗೆ.
ಪಶ್ಚಿಮಕ್ಕೆ, ಮಿಸಿಸಿಪ್ಪಿಯ ದಡಕ್ಕೆ, ಹೊಸ ಮಣ್ಣಂತೆ.
ಒಂದು ಸರಪಳಿಗೆ ಇಪ್ಪತ್ತೆರಡು ಜನ.
ಅಮ್ಮ ಕೂಗಲಿಲ್ಲ. ಅವನ ಅಂಗಿಯ ಚುಂಗು ಹಿಡಿದಳು.
ಬಿಡಿಸಲು ಇಬ್ಬರು ಬೇಕಾದರು,
ಒಂದೊಂದೇ ಬೆರಳು,
ಕೈಯಿಂದಲೇ, ಹಳೆಯ ಪದ್ಧತಿಯಲ್ಲಿ.

ಅಪ್ಪ ಆಗ ಯಂತ್ರದ ಮನೆಯಲ್ಲಿದ್ದ,
ಮೊಂಡಾದ ಹಲ್ಲಿಗೆ ಅರ ಹಾಕುತ್ತ.
ಐದನೆಯ ನಗು ನನ್ನ ಲೆಕ್ಕಕ್ಕೆ ಬರಲೇ ಇಲ್ಲ.

ನಮ್ಮ ಹತ್ತಿ ನದಿ ಇಳಿದು, ಹಡಗು ಹತ್ತಿ
ಲಿವರ್‌ಪೂಲಿಗೆ ಹೋಯಿತಂತೆ,
ಯಾರದೋ ಕೂಸಿನ ಕುಲಾವಿಯಾಯಿತಂತೆ.
ನಮಗೆ ವರ್ಷಕ್ಕೆರಡು ಅಂಗಿ, ಗೋಣಿಯಂಥದು.
ಯಂತ್ರದ ಮನೆಯ ಹಿಂದೆ ಬೀಜದ ಗುಡ್ಡೆ
ಮಳೆ ಹೊಡೆದು ಕೊಳೆಯುತ್ತಿತ್ತು:
ನಾರು ಬಿಟ್ಟ ಬೀಜ
ಊರೆಲ್ಲ ನಾರುತ್ತಿತ್ತು.

ನನಗೀಗ ಎಪ್ಪತ್ತೋ, ಎಪ್ಪತ್ತೆರಡೋ.
ಪುಸ್ತಕದಲ್ಲಿ ನನ್ನೆದುರು ಸೊನ್ನೆ ಬರೆದಿದ್ದಾರಂತೆ.
ಹಾಗಾಗಿ ಬಿಡುವು.
ಹೊಲಕ್ಕೆ ಹೋದವರ ಕೂಸುಗಳನ್ನು ತೂಗುತ್ತೇನೆ,
ಅಪ್ಪ ಮಾಡಿದ ತೊಟ್ಟಿಲು ಇನ್ನೂ ಗಟ್ಟಿಯಿದೆ.
ಪಕ್ಕದಲ್ಲಿ ಮಲಗುವ ಫಿಬಾ ಹೇಳುತ್ತಾಳೆ:
ರಾತ್ರಿ ನಿನ್ನ ಬೆರಳು ಸುಮ್ಮನಿರುವುದಿಲ್ಲ, ಅಜ್ಜಿ.
ಕಂಬಳಿ ಹಿಂಜುತ್ತೀಯ, ಏನೋ ಹೆಕ್ಕುತ್ತೀಯ,
ಕತ್ತಲಲ್ಲಿ ಕೈ ಚಾಚಿ ಎಲ್ಲಿಗೋ ಹಾಕುತ್ತೀಯ.
ಆಮೇಲೆ ಮೆಲ್ಲಗೆ, ಯಾರಿಗೂ ಕೇಳದ ಹಾಗೆ,
"ಮಿಂಗೊ, ಒಳಗೆ ಮಣ್ಣಿದೆ,
ನನಗೆ ಗೊತ್ತು" ಅನ್ನುತ್ತೀಯ.